ಟರ್ನ್ ಡೌನ್, ಟೇಕ್ ಆನ್ ಮತ್ತು ನನ್ನ ತಂಗಿ ಸುಶೀಲ

ನಾನು ಪಾಸಾಗಿರುವುದು ಎಂಟನೆಯ ತರಗತಿ. ಒಂಬತ್ತರಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿ ಶಾಲೆ ಬಿಟ್ಟೆ. ಆಮೇಲೆ ಇಂಗ್ಲಿಷ್ ಕಾಗದಗಳನ್ನು ಓದಿ ಅರ್ಥ ಹೇಳುವುದೇ ನನ್ನ ಕೆಲಸವಾಯಿತು. ಅದರಲ್ಲೇ ನಿವೃತ್ತನೂ ಆದೆ.

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ ನಮ್ಮ ಕಾಯಿಪುಡಿ ಫ್ಯಾಕ್ಟರಿ. ಕಾಯಿ ಸುಲಿದು, ಚಿಪ್ಪು ಬಿಡಿಸಿ, ಕಪ್ಪು ಸಿಪ್ಪೆ ಹೆರೆದು, ತುರಿದು, ಡ್ರೈಯರಿನಲ್ಲಿ ಒಣಗಿಸಿ, ಚೀಲ ತುಂಬಿ ಮುಂಬಯಿಯ ಬಿಸ್ಕತ್ತಿನವರಿಗೆ ಕಳಿಸುವುದು. ನಾನು ಸೇರಿದ್ದು ಚೀಲಗಳ ಮೇಲೆ ಅಚ್ಚು ಹೊಡೆಯಲು. ಫೈನ್, ಮೀಡಿಯಂ ಎಂಬ ಎರಡು ಪದ ಗೊತ್ತಿದ್ದರೆ ಸಾಕಿತ್ತು. ಒಂದು ದಿನ ತಗಡಿನ ಅಚ್ಚನ್ನು ತಲೆಕೆಳಗಾಗಿ ಇಟ್ಟವನನ್ನು ನಾನು ತಡೆದೆ. ಅದನ್ನು ಮ್ಯಾನೇಜರ್ ಸುಬ್ಬರಾಯರು ನೋಡಿದರು. ಮಾರನೆಯ ವಾರ ಆಫೀಸಿಗೆ ಫ್ಯಾಕ್ಸ್ ಯಂತ್ರ ಬಂತು. ಅದರ ಮುಂದೆ ಕೂರಲು ಇಂಗ್ಲಿಷ್ ಬಲ್ಲವನು ಬೇಕೆಂದಾಗ ಅವರು ನನ್ನನ್ನು ತೋರಿಸಿದರು. ಇದು ತೊಂಬತ್ತರ ದಶಕದ ಮಾತು.

ಈಗ ಆಫೀಸಿಗೆ ಹೊಸದಾಗಿ ಸೇರಿದವರಿಗೆ ಹಳೆಯ ಕೆಲಸ ಹೇಗಿತ್ತೆಂದು ಬರೆದುಕೊಡಿ ಎಂದು ಫ್ಯಾಕ್ಟರಿ ಸಾಹುಕಾರರ ಮಗ ಕೇಳಿದ್ದಾರೆ. ನನಗೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಸಿಕ್ಕಿದ್ದು ಒಂದೇ, ಕುರ್ಚಿಗೆ ಕೈ ಬಂತು. ತಪ್ಪುಗಳ ಬಗ್ಗೆ ಬರೆಯುತ್ತೇನೆ. ಅವು ಬೇಕಾದಷ್ಟಿವೆ.

ಮೊದಲನೆಯದು ಗುರುವಾರದ ಲಾರಿಯದು. ಮುಂಬಯಿಯಿಂದ ಒಂದು ಸಾಲಿನ ಫ್ಯಾಕ್ಸ್ ಬಂತು. ‘ಕಾಲ್ ಆಫ್ ಥರ್ಸ್‌ಡೇಸ್ ಟ್ರಕ್’ ಎಂದಿತ್ತು. ಕಾಲ್ ಎಂದರೆ ಕರೆ, ಗೊತ್ತಿತ್ತು. ಆಫ್ ಎಂದರೆ ದೀಪ ಆರಿಸುವಾಗ ಹೇಳುವುದು, ಅದೂ ಗೊತ್ತಿತ್ತು. ಗುರುವಾರದ ಲಾರಿಯನ್ನು ಕರೆಸಿ, ಎಂಜಿನ್ ಆಫ್ ಮಾಡಿಸಿ ನಿಲ್ಲಿಸಿಕೊಳ್ಳಿ ಎಂದು ಅರ್ಥ ಮಾಡಿಕೊಂಡೆ. ಕರೆಸಿದೆ. ಚಾಲಕ ಒಳಗೆ ಬಂದ.

“ಲೋಡು ಎಲ್ಲಿ ಸಾಮಿ?”

“ಮೊದ್ಲು ಎಂಜಿನ್ ಆಫ್ ಮಾಡಪ್ಪ.”

“ಮಾಡಾಯ್ತಲ್ಲ.”

“ಹಂಗೇ ಇರ್ಲಿ.”

ಸಂಜೆಯವರೆಗೂ ಅವನು ಹಾಗೇ ಇದ್ದ. ಊಟಕ್ಕೂ ಎಂಜಿನ್ ಹಚ್ಚಬೇಡವೆಂದಿದ್ದೆ, ನಡೆದುಕೊಂಡು ಹೋಗಿ ಬಂದ. ಸಂಜೆ ಸುಬ್ಬರಾಯರು ಬಂದು ಫ್ಯಾಕ್ಸ್ ಓದಿದರು, ಲಾರಿ ನೋಡಿದರು, ನನ್ನನ್ನು ನೋಡಿದರು.

“ಏನಯ್ಯಾ ನಂಜಪ್ಪ, ಲಾರಿ ಬೇಡ ಅಂತ ಬರ್ದಿದಾರಲ್ಲಯ್ಯಾ.”

“ಬೇಡ ಅಂತ ಎಲ್ಲೈತೆ ಸಾರ್? ನೋ ಅನ್ನೋದೇ ಇಲ್ವಲ್ಲ ಅದ್ರಲ್ಲಿ.”

ಅವರು ಬೈಯಲಿಲ್ಲ. ಅಂಗಳದಲ್ಲಿ ರಾಶಿ ಹಾಕಿದ್ದ ಕಾಯಿಗಳ ಹತ್ತಿರ ಕರೆದುಕೊಂಡು ಹೋಗಿ, ಜುಟ್ಟು ಉಳಿಸಿ ಸುಲಿದ ಒಂದು ಕಾಯಿಯನ್ನೂ ಬೋಳು ಕಾಯಿಯೊಂದನ್ನೂ ಕೈಗೆ ಕೊಟ್ಟರು.

“ಜುಟ್ಟಿರೋದು ಎಲ್ಲಿಗೆ ಹೋಗುತ್ತೆ?”

“ದೇವಸ್ಥಾನಕ್ಕೆ.”

“ಬೋಳು?”

“ಚಟ್ನಿಗೆ.”

“ಎರಡೂ ಕಾಯೇ ತಾನೆ? ಇಂಗ್ಲಿಷಿನಲ್ಲೂ ಅಷ್ಟೇ ಕಣಯ್ಯಾ. ಕಾಲ್ ಅಂದ್ರೆ ಬಾ. ಆಫ್ ಅನ್ನೋ ಜುಟ್ಟು ಹತ್ತಿದ್ರೆ ಬರಬೇಡ. ಜುಟ್ಟು ನೋಡದೆ ಕಾಯಿ ಎತ್ತಬೇಡ.”

ಆ ದಿನ ನಾನೊಂದು ನೋಟುಬುಕ್ಕು ಕೊಂಡೆ. ಬಂದ ಪ್ರತಿ ಫ್ಯಾಕ್ಸಿನಲ್ಲೂ ಜುಟ್ಟಿನ ಕ್ರಿಯಾಪದಗಳನ್ನು ಹುಡುಕಿ ಬರೆದುಕೊಂಡೆ. ಸೆಂಡ್ ಆಫ್, ಹೋಲ್ಡ್ ಬ್ಯಾಕ್, ಪುಟ್ ಆಫ್. ಎದುರಿಗೆ ಅರ್ಥ. ಒಂದು ಪದಕ್ಕೆ ಒಂದು ಅರ್ಥ. ಮೂರು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು.

ಎರಡನೆಯ ತಪ್ಪು ಡ್ರೈಯರಿನದು. ಬಿಸ್ಕತ್ತಿನವರ ಕಡೆಯಿಂದ ಒಬ್ಬ ಅಧಿಕಾರಿ ಬಿಳಿ ಕೋಟು ತೊಟ್ಟು ಪುಡಿಯ ಗುಣಮಟ್ಟ ನೋಡಲು ಬಂದರು. ಡ್ರೈಯರಿನ ಬಳಿ ನಿಂತು ಮೂಸಿ, “ಟರ್ನ್ ಇಟ್ ಡೌನ್, ಟರ್ನ್ ಇಟ್ ಡೌನ್” ಎಂದರು. ಪುಡಿ ಕಂದುತ್ತಿತ್ತು, ಉರಿ ಕಡಿಮೆ ಮಾಡಿ ಎಂದು ಅವರ ಅರ್ಥ. ನನ್ನ ನೋಟುಬುಕ್ಕಿನಲ್ಲಿ ಆ ಪದ ಇನ್ನೂ ಬಂದಿರಲಿಲ್ಲ. ಟರ್ನ್ ಎಂದರೆ ತಿರುಗಿಸು, ಡೌನ್ ಎಂದರೆ ಕೆಳಗೆ. ಡ್ರೈಯರ್ ನೋಡಿಕೊಳ್ಳುತ್ತಿದ್ದ ಕರಿಯಪ್ಪನಿಗೆ ಹೇಳಿದೆ.

“ತಟ್ಟೆ ಮಗುಚಬೇಕಂತೆ ಕಣ್ಲಾ.”

“ಪುಡಿ ಸಮೇತವಾ?”

“ಎರಡು ಸಲ ಹೇಳವ್ರೆ. ಮಗುಚು.”

ಕರಿಯಪ್ಪ ಹೇಳಿದ ಮಾತು ಮೀರುವವನಲ್ಲ. ನಾಲ್ಕು ತಟ್ಟೆ ನೆಲಕ್ಕೆ ಮಗುಚಿದ. ಬಿಳಿ ಕೋಟಿನವರು ಮೊಣಕಾಲುದ್ದ ಪುಡಿಯಲ್ಲಿ ನಿಂತು ಐದನೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸಿಪ್ಪೆ ಹೆರೆಯುವ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವರಲ್ಲೊಬ್ಬಳು, “ಬುಡ್ರೀ ಸಾರ್, ಅವ್ರು ಇಂಗ್ಲಿಷ್ನಾಗೆ ಸುರೀತಾವ್ರೆ” ಎಂದಳು.

ಸುಬ್ಬರಾಯರು ಈ ಸಲ ಸ್ವಲ್ಪ ಬೈದರು. ಆಮೇಲೆ ಹೇಳಿದರು: “ಜುಟ್ಟು ನೋಡಿದ್ರೆ ಸಾಲದಯ್ಯಾ, ಯಾವ ಕಾಯಿಗೆ ಹತ್ತಿದೆ ಅನ್ನೋದೂ ನೋಡ್ಬೇಕು. ಉರಿನ ಟರ್ನ್ ಡೌನ್ ಮಾಡಿದ್ರೆ ತಗ್ಗಿಸಿದ ಹಾಗೆ. ಒಬ್ರು ಕೇಳಿದ್ದನ್ನ ಟರ್ನ್ ಡೌನ್ ಮಾಡಿದ್ರೆ ಬೇಡ ಅಂದ ಹಾಗೆ. ಪುಸ್ತಕದ ಹಾಳೆ ಮೂಲೆ ಟರ್ನ್ ಡೌನ್ ಮಾಡಿದ್ರೆ ಮಡಚಿದ ಹಾಗೆ. ಜೊತೆಗಿರೋ ನಾಮಪದ ಯಾವುದು ನೋಡು, ಅದೇ ಅರ್ಥ ಹೇಳುತ್ತೆ.”

ನಾನು ನೋಟುಬುಕ್ಕನ್ನು ಹೊಸದಾಗಿ ಬರೆದೆ. ಕ್ರಿಯಾಪದದ ಪ್ರಕಾರವಲ್ಲ, ನಾಮಪದದ ಪ್ರಕಾರ. ಲಾರಿಗೆ ಒಂದು ಪುಟ, ಡ್ರೈಯರಿಗೆ ಒಂದು, ಆರ್ಡರಿಗೆ ಒಂದು, ಮನುಷ್ಯರಿಗೆ ಒಂದು. ಮನುಷ್ಯರ ಪುಟ ಬಹಳ ದಿನ ಹೆಚ್ಚುಕಡಿಮೆ ಖಾಲಿಯಿತ್ತು. ನಮ್ಮ ಫ್ಯಾಕ್ಸುಗಳಲ್ಲಿ ಮನುಷ್ಯರು ಕಡಿಮೆ.

ಮೂರನೆಯ ಪಾಠ ಇಟ್ ಎಂಬ ಪುಟ್ಟ ಪದದ್ದು. ಪುಟ್ ಆಫ್ ಎಂದರೆ ಮುಂದಕ್ಕೆ ಹಾಕು. ‘ಪುಟ್ ಆಫ್ ದಿ ಆರ್ಡರ್’ ಎಂದರೂ ಸರಿ, ‘ಪುಟ್ ದಿ ಆರ್ಡರ್ ಆಫ್’ ಎಂದರೂ ಸರಿ. ಆದರೆ ಇಟ್ ಬಂದರೆ ‘ಪುಟ್ ಇಟ್ ಆಫ್’ ಎಂದೇ ಹೇಳಬೇಕು. ನಾನು ಮುಂಬಯಿಯವರಿಗೆ ಫೋನಿನಲ್ಲಿ ‘ಪುಟ್ ಆಫ್ ಇಟ್’ ಎನ್ನುತ್ತಿದ್ದೆ. ಅಲ್ಲಿಯ ಗುಮಾಸ್ತ ಫೋನು ಇನ್ನೊಬ್ಬನಿಗೆ ಕೊಟ್ಟು ಮತ್ತೊಮ್ಮೆ ಹೇಳಿಸುತ್ತಿದ್ದ. ಇಬ್ಬರೂ ನಗುತ್ತಿದ್ದರು. ಸುಬ್ಬರಾಯರು, “ಸ್ಕೂಟರಿನಲ್ಲಿ ಗಂಡ ಹೆಂಡತಿ ಹೋಗ್ತಾರೆ. ದೊಡ್ಡವರು ಯಾರಾದ್ರೂ ಜೊತೆಗಿದ್ರೆ ಮಧ್ಯೆನಾದ್ರೂ ಕೂರ್ಲಿ, ಹಿಂದೆನಾದ್ರೂ ಕೂರ್ಲಿ. ಕೈಕೂಸನ್ನ ಮಾತ್ರ ಮಧ್ಯೆನೇ ಕೂರಿಸ್ಬೇಕು. ಹಿಂದೆ ಕೂರಿಸಿದ್ರೆ ಬಿದ್ದೋಗುತ್ತೆ. ಇಟ್, ಯು, ಹರ್, ಇವೆಲ್ಲಾ ಕೈಕೂಸುಗಳು” ಎಂದರು. ಅರ್ಥವಾಯಿತು. ಆದರೆ ಬಾಯಿಗೆ ಬರಲಿಲ್ಲ. ಮಾತಾಡುವಾಗ ಕೂಸು ಪ್ರತಿಸಲವೂ ಬೀಳುತ್ತಿತ್ತು.

ಇಷ್ಟಾದರೂ ಹೊರಗೆ ನನ್ನ ಹೆಸರು ದೊಡ್ಡದಾಯಿತು. ಇಂಗ್ಲಿಷ್ ನಂಜಪ್ಪ ಎಂದರೆ ಕಂದಿಕೆರೆಯಲ್ಲಿ, ಅಂದರೆ ನಮ್ಮೂರಿನಲ್ಲಿ, ಎಲ್ಲರಿಗೂ ಗೊತ್ತು. ಭಾನುವಾರ ಮಿಕ್ಸಿಯ ಗ್ಯಾರಂಟಿ ಕಾಗದ, ಔಷಧದ ಚೀಟಿ, ವಿಮೆಯ ನೋಟೀಸು ಹಿಡಿದು ಜನ ಬರುತ್ತಿದ್ದರು. ಗೊತ್ತಿಲ್ಲದ್ದು ಬಂದರೆ ಕನ್ನಡಕ ತೆಗೆದು ಒರೆಸಿ, “ಏನೂ ಗಾಬರಿ ಇಲ್ಲ, ಇಟ್ಕೊಂಡಿರಿ” ಎನ್ನುತ್ತಿದ್ದೆ. ಯಾರೂ ವಾಪಸ್ಸು ಬಂದು ತಪ್ಪೆಂದು ಹೇಳಲಿಲ್ಲ. ಜಗಲಿಯ ಮೇಲೆ ಕೂತು ಕೂತು ನನಗೆ ಆ ಹೆಸರಿನ ರುಚಿ ಹತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಮುಂದಿನದ್ದಕ್ಕೆ ಕಾರಣ ಅದೇ.

ಸುಶೀಲ ನನ್ನ ಒಬ್ಬಳೇ ತಂಗಿ, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಚಿಕ್ಕನಾಯಕನಹಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿ ಹೈಸ್ಕೂಲು ಮುಗಿಸಿದಳು, ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಟಿಸಿಎಚ್ ಮಾಡಿದಳು. ಟೀಚರಾಗಬೇಕೆಂದು ಅವಳು ಹೇಳಿಕೊಂಡು ತಿರುಗುತ್ತಿರಲಿಲ್ಲ. ಆದರೆ ಹಿಟ್ಟು ನಾದುವಾಗಲೂ ಪಕ್ಕದ ಮನೆ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಳು. ಮೈಸೂರಿನ ಹತ್ತಿರದ ಒಂದು ವಸತಿ ಶಾಲೆಗೆ ಕನ್ನಡ ಕಲಿಸಲು ಅರ್ಜಿ ಹಾಕಿದಳು. ಸಂದರ್ಶನಕ್ಕೆ ನಾನೇ ಕರೆದುಕೊಂಡು ಹೋಗಿದ್ದೆ. ಕನ್ನಡ ಬಾರದ ಒಬ್ಬ ಹುಡುಗನನ್ನು ಮುಂದೆ ಕೂರಿಸಿ, ಇವನಿಗೆ ‘ಳ’ ಹೇಳಿಕೊಡಿ ಎಂದರಂತೆ. ಇವಳು ಅವನ ಬಾಯಿಗೆ ಪೆಪ್ಪರಮೆಂಟು ಹಾಕಿ, ಅದನ್ನು ನಾಲಿಗೆಯಿಂದ ಮೇಲಕ್ಕೆ ಒತ್ತಿ ಹಿಡಿದು ‘ಮಳೆ’ ಅನ್ನು ಎಂದಳಂತೆ. ಅವನು ಅಂದನಂತೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಇದನ್ನು ನನಗೆ ಮೂರು ಸಲ ಹೇಳಿದಳು. ಮನೆಯಲ್ಲಿ ಫೋನಿರಲಿಲ್ಲ. ಶಾಲೆಯವರಿಗೆ ನಮ್ಮ ಆಫೀಸಿನ ಫೋನು, ಫ್ಯಾಕ್ಸು ಎರಡರ ನಂಬರನ್ನೂ ಕೊಟ್ಟು ಬಂದಿದ್ದೆವು.

ಆ ಹೊತ್ತಿಗೆ ಕೆಂಕೆರೆಯ ಕಡೆಯಿಂದ ಅವಳಿಗೆ ಒಂದು ಸಂಬಂಧ ಬಂದಿತ್ತು. “ಶಾಲೆಯೋರು ಏನಂತಾರೋ ನೋಡೋಣ, ಆಮೇಲೆ ಮಾತಾಡಿ” ಎಂದು ಅವ್ವನಿಗೆ ಹೇಳಿ ತಡೆದಿದ್ದಳು.

ಒಂದು ಮಂಗಳವಾರ ಫ್ಯಾಕ್ಸ್ ಬಂತು. ಮೇಲೆ ಮಿಸ್ ಸುಶೀಲ ಎಂದಿತ್ತು. ಒಳಗೆ ಮೂರೇ ಸಾಲು. ‘ವಿ ಹ್ಯಾವ್ ಟರ್ನ್ಡ್ ಡೌನ್ ದಿ ಅದರ್ ಅಪ್ಲಿಕಂಟ್ಸ್. ವಿ ವುಡ್ ಲೈಕ್ ಟು ಟೇಕ್ ಯು ಆನ್. ಪ್ಲೀಸ್ ಗೆಟ್ ಬ್ಯಾಕ್ ಟು ಅಸ್ ಬೈ ಮಂಡೇ.’

ಸುಬ್ಬರಾಯರು ಹಾಸನದಲ್ಲಿದ್ದ ಮಗಳ ಮನೆಗೆ ಹೋಗಿದ್ದರು. ನಾನು ನೋಟುಬುಕ್ಕು ತೆಗೆದೆ. ಟರ್ನ್ ಡೌನ್, ಜೊತೆಗೆ ಅರ್ಜಿ ಹಾಕಿದವರು. ಉರಿಯಲ್ಲ, ಹಾಳೆಯ ಮೂಲೆಯಲ್ಲ. ಹಾಗಾದರೆ ಬೇಡ ಎಂದಿದ್ದಾರೆ. ಇಲ್ಲಿಯವರೆಗೆ ಸರಿ. ಆದರೆ ‘ಅಪ್ಲಿಕಂಟ್ಸ್’ ಮುಂದೆ ಕೂತಿದ್ದ ‘ಅದರ್’ ಎಂಬ ಪದವನ್ನು ನಾನು ದಾಟಿಬಿಟ್ಟೆ. ಬೇರೆಯವರನ್ನು ಬೇಡ ಎಂದಿದ್ದರು. ನಾನು ಎಲ್ಲರನ್ನೂ ಎಂದು ಓದಿದೆ. ಟೇಕ್ ಯು ಆನ್ ಎಂಬುದರಲ್ಲಿ ಕೈಕೂಸು ಮಧ್ಯದಲ್ಲಿ ಕೂತಿರುವುದನ್ನು ತಕ್ಷಣ ಗುರುತಿಸಿದೆ, ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಟೇಕ್ ಆನ್ ಮನುಷ್ಯರ ಪುಟದಲ್ಲಿ ಇತ್ತು. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಕಾರ್ಮಿಕರು ಮಾಲೀಕರನ್ನು ಟೇಕ್ ಆನ್ ಮಾಡಿದರು ಎಂದು ಓದಿ ಬರೆದುಕೊಂಡಿದ್ದೆ: ಎದುರು ಹಾಕಿಕೊಳ್ಳುವುದು, ಜಗಳಕ್ಕೆ ನಿಲ್ಲುವುದು. ಕೆಲಸಕ್ಕೆ ತೆಗೆದುಕೊಳ್ಳುವುದು ಎಂಬ ಇನ್ನೊಂದು ಅರ್ಥ ನನ್ನ ಪುಟದಲ್ಲಿ ಇರಲಿಲ್ಲ. ಗೆಟ್ ಬ್ಯಾಕ್ ಎಂದರೆ ಹಿಂದಕ್ಕೆ ಸರಿ ಎಂದುಕೊಂಡೆ. ಉತ್ತರ ಕೊಡಿ ಎಂದು ಅವರು ಬರೆದಿದ್ದು.

ಅಂದು ಸಂಜೆ ಮನೆಗೆ ಹೋಗಿ ಸುಶೀಲಳಿಗೆ ಹೇಳಿದೆ. “ಅರ್ಜಿ ಹಾಕಿದೋರ್ನೆಲ್ಲ ಬೇಡ ಅಂದವ್ರಂತೆ ಕಣವ್ವ. ಮತ್ತೆ ಕೇಳ್ಕೊಂಡು ಬಂದ್ರೆ ಜಗಳ ಆಯ್ತದೆ, ಹಿಂದಕ್ಕೇ ಇರಿ ಅಂತ ಬರ್ದವ್ರೆ.”

ಅವಳು ನಂಬಲಿಲ್ಲ. “ಅಷ್ಟು ಚೆನ್ನಾಗಿ ಮಾತಾಡಿದ್ರಲ್ಲ ಅಣ್ಣಯ್ಯ ಆ ಮೇಡಮ್ಮು. ಹಂಗಂತ ಬರೀತಾರಾ? ಕಾಗ್ದ ಎಲ್ಲಿ, ಕೊಡು ನೋಡಾನ.”

“ಆಫೀಸ್ ಕಾಗ್ದ ಮನೆಗೆ ತರಂಗಿಲ್ಲ.”

ಅಂಥ ನಿಯಮ ಯಾವುದೂ ಇರಲಿಲ್ಲ. ಅವಳು ಓದಿದ್ದರೆ ಗೊತ್ತಾಗುತ್ತಿತ್ತೋ ಏನೋ. ಅವಳಿಗೆ ‘ಅದರ್’ ಗೊತ್ತಿತ್ತು. ಕೊನೆಗೆ, “ಇಂಗ್ಲಿಷ್ನೋರು ಬೈಯೋದೂ ಮೂರೇ ಸಾಲ್ನಾಗೆ ನೋಡು” ಎಂದು ನಕ್ಕಳು. ಗುರುವಾರ ಅವ್ವ ಕೆಂಕೆರೆಗೆ ಒಪ್ಪಿಗೆಯೆಂದು ಹೇಳಿ ಕಳಿಸಿದಳು. ಭಾನುವಾರ ಬಂದು ಹೂ ಮುಡಿಸುತ್ತೇವೆ ಎಂದು ಅವರು ಹೇಳಿ ಕಳಿಸಿದರು.

ಇಲ್ಲಿಯವರೆಗಿನದು ತಪ್ಪು. ಲಾರಿಯ ತಪ್ಪಿನಂಥದೇ, ತಟ್ಟೆಯ ತಪ್ಪಿನಂಥದೇ. ಇದನ್ನು ಕ್ಷಮಿಸಬಹುದು ಎಂದು ನನಗೂ ಅನ್ನಿಸುತ್ತದೆ.

ಶನಿವಾರ ಸುಬ್ಬರಾಯರು ವಾಪಸ್ಸು ಬಂದರು. ಫ್ಯಾಕ್ಸುಗಳನ್ನು ತಿರುವಿ ಹಾಕುತ್ತಾ ಇದನ್ನು ನೋಡಿ ಎದ್ದು ನಿಂತರು.

“ಭೇಷ್ ಕಣಯ್ಯಾ! ಉಳಿದವರನ್ನೆಲ್ಲಾ ಬೇಡ ಅಂದು ನಿನ್ನ ತಂಗಿನ ತಗೊಂಡಿದಾರಲ್ಲ. ಸೋಮವಾರದೊಳಗೆ ಒಪ್ಪಿಗೆ ಹೇಳ್ಬೇಕಂತೆ. ಹೇಳಿದ್ಯಾ?”

ಫೋನು ಮೇಜಿನ ಮೇಲೆಯೇ ಇತ್ತು, ಒಂದು ಮೊಳ ದೂರ. “ಇಲ್ಲ ಸಾರ್, ತಪ್ಪಾಗಿ ಓದಿದೆ” ಎನ್ನಬೇಕಾಗಿತ್ತು.

“ಹೇಳಿದೀನಿ ಸಾರ್. ಯೋಚ್ನೆ ಮಾಡ್ತಾವ್ಳೆ” ಎಂದೆ.

ಆ ದಿನ ಮನೆಗೆ ಹೋದಾಗ ಅವಳು ಭಾನುವಾರಕ್ಕೆಂದು ಅಂಗಳ ಸಾರಿಸುತ್ತಿದ್ದಳು. ಈಗಲೇ ಹೇಳು ಎಂದು ಮನಸ್ಸು ಹೇಳಿತು. ಹೇಳಿದರೆ ಇಂಗ್ಲಿಷ್ ನಂಜಪ್ಪನಿಗೆ ಮೂರು ಸಾಲು ಓದಲು ಬರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಆದರೆ ನಾನು ಆಗ ನನಗೇ ಹೇಳಿಕೊಂಡ ಕಾರಣ ಅದಲ್ಲ. ಮಾತು ಕೊಟ್ಟಾಗಿದೆ, ಕೆಂಕೆರೆಯವರ ಮುಂದೆ ಅವ್ವನ ಮರ್ಯಾದೆ ಹೋಗುತ್ತದೆ, ಹುಡುಗ ಒಳ್ಳೆಯವನು, ಮೈಸೂರು ದೂರ. ಒಳ್ಳೆಯ ಕಾರಣಗಳು. ಅವನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಕೈಕಾಲು ತೊಳೆದು ಊಟಕ್ಕೆ ಕೂತೆ. ಭಾನುವಾರ ಹೂ ಮುಡಿಸಿದರು. ಸೋಮವಾರ ನಾನು ರಜೆ ಹಾಕಿದೆ.

ಮಂಗಳವಾರ ಫೋನು ಬಂತು. ಶಾಲೆಯ ಆ ಮೇಡಂ. ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು: ಸುಶೀಲ ಅವರ ಉತ್ತರ ಬಂದಿಲ್ಲ, ಅವರೊಬ್ಬರಿಗೋಸ್ಕರ ಒಂದು ದಿನ ಕಾದೆವು, ಏನು ತೀರ್ಮಾನ ಮಾಡಿದರು?

ನಾನು ಹೇಳಿದೆ: “ಶಿ ಟರ್ನ್ಡ್ ಇಟ್ ಡೌನ್, ಮೇಡಂ.”

ಇಟ್ ಮಧ್ಯದಲ್ಲಿ ಕೂತಿತ್ತು. ಬೀಳಲಿಲ್ಲ. ಬಾಯಿಬಿಟ್ಟು ನಾನು ಆಡಿದ ಮೊದಲನೆಯ ತಪ್ಪಿಲ್ಲದ ವಾಕ್ಯ ಅದು. ಪಕ್ಕದ ಕೋಣೆಯಿಂದ ಸುಬ್ಬರಾಯರು ಕೇಳಿಸಿಕೊಂಡರು. ತಂಗಿ ಬೇಡ ಎಂದಳೆಂದು ಅವರು ನಂಬಿದರು. “ಪಾಪ, ಒಳ್ಳೆ ಕೆಲಸ ಬಿಟ್ಳು. ನೀನಂತೂ ಸರಿಯಾಗಿ ಹೇಳ್ದೆ ಕಣಯ್ಯಾ” ಎಂದರು. ಮೇಡಂ, ಹಾಗಾದರೆ ಬೇರೆ ಯಾರನ್ನಾದರೂ ಟೇಕ್ ಆನ್ ಮಾಡುತ್ತೇವೆ ಎಂದು ಫೋನಿಟ್ಟರು. ನೋಟುಬುಕ್ಕಿನ ಮನುಷ್ಯರ ಪುಟಕ್ಕೆ ಆ ಎರಡನೆಯ ಅರ್ಥವನ್ನು ಸೇರಿಸಿದೆ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿ ಬದಲಾಯಿತು. ಫ್ಯಾಕ್ಸ್ ಹೋಗಿ ಇ-ಮೇಲ್ ಬಂತು. ಎಲ್ಲರ ಕೈಗೂ ಮೊಬೈಲು ಬಂದು, ಮುಂಬಯಿಯವರು ನೇರವಾಗಿ ಸಾಹುಕಾರರಿಗೇ ಹಿಂದಿಯಲ್ಲಿ ಮಾತಾಡತೊಡಗಿದರು. ಸುಬ್ಬರಾಯರು ತೀರಿಕೊಂಡರು. ಅವರು ಹೋದ ಮೇಲೆ ಆ ಫ್ಯಾಕ್ಸಿನಲ್ಲಿ ಏನಿತ್ತೆಂದು ಗೊತ್ತಿದ್ದವನು ನಾನೊಬ್ಬನೇ.

ಸುಶೀಲ ಕಷ್ಟಪಟ್ಟಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳ ಗಂಡ ಸೌಮ್ಯ ಮನುಷ್ಯ. ತೋಟವಿದೆ, ಇಬ್ಬರು ಮಕ್ಕಳಾದರು. ಅಟ್ಟದ ಮೇಲಿನ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಣಗಿದೆಯೋ ಇಲ್ಲವೋ ಹೇಳುವಷ್ಟು ಕಲಿತಳು. ಊರಿನ ಶಾಲೆಯಲ್ಲಿ ಟೀಚರು ರಜೆ ಹಾಕಿದ ದಿನ ಹೇಳಿ ಕಳಿಸಿದರೆ, ಮಾಡುತ್ತಿದ್ದ ಕೆಲಸ ಬಿಟ್ಟು ಸೀರೆ ಬದಲಾಯಿಸಿ ಓಡುತ್ತಿದ್ದಳಂತೆ. ಇದನ್ನು ಅವಳ ಗಂಡ ತಮಾಷೆಯಾಗಿ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ನಗುವುದು ರೂಢಿಯಾಗಿತ್ತು.

ನಿವೃತ್ತನಾದ ಮೇಲೆ ಇದನ್ನು ಬರೆಯಲು ಕೂತೆ. ಲಾರಿಯದು ಬರೆದೆ, ಡ್ರೈಯರಿನದು ಬರೆದೆ. ಮುಂದಕ್ಕೆ ಹೋಗಲಿಲ್ಲ. ಬಸ್ಸು ಹತ್ತಿ ಕೆಂಕೆರೆಗೆ ಹೋದೆ. ಮಧ್ಯಾಹ್ನ. ಅವಳು ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಮೂರು ಸಾಲು, ಸುಬ್ಬರಾಯರು, ಶನಿವಾರ, ಮಂಗಳವಾರದ ಫೋನು.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಸುಲಿಯುತ್ತಲೇ ಕೇಳಿದಳು. “ಫೋನ್ನಾಗೆ ಏನಂದೆ? ಅದ್ನ ಕನ್ನಡದಾಗೆ ಹೇಳು.”

“ಅವಳೇ ಬೇಡ ಅಂದ್ಲು ಅಂತ.”

“ನಾನಾ?”

“ಊಂ.”

ಆಗ ಕೈ ನಿಂತಿತು. “ಅಣ್ಣಯ್ಯ, ಹೈಸ್ಕೂಲ್ ಸೇರ್ಸೋವಾಗ ಯಾರೂ ನನ್ನ ಕೇಳ್ನಿಲ್ಲ. ಹೂ ಮುಡ್ಸೋವಾಗ್ಲೂ ಕೇಳ್ನಿಲ್ಲ. ಬತ್ತೀಯೇನಮ್ಮ ಅಂತ ನನ್ನ ಹೆಸ್ರು ಹಿಡ್ದು ಕೇಳಿದ್ದು ನನ್ನ ಜಲ್ಮದಾಗೆ ಆ ಶಾಲೆಯೋರು ಒಬ್ರೇ. ಅದಕ್ಕೂ ನೀನೇ ಉತ್ರ ಹೇಳ್ಬುಟ್ಯಲ್ಲ.”

ಅವಳು ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದು ಎದ್ದು ದನದ ಮುಂದೆ ಹಾಕಿ ಬಂದಳು. ಬಂದು ನಿಂತುಕೊಂಡೇ ಕೇಳಿದಳು.

“ಅದೇನೋ ಹೊಸಬ್ರಿಗೆ ಅಂತ ಬರೀತಿದ್ಯಂತಲ್ಲ, ಇದೂ ಬರಿತೀಯಾ?”

“ನೀನು ಬೇಡ ಅಂದ್ರೆ ಬರಿಯಲ್ಲ.”

“ಬರಿ. ನನ್ನ ಹೆಸ್ರು ಹಾಕೇ ಬರಿ. ಕೊನೇಲಿ ಜುಟ್ಟು ಗಿಟ್ಟು ಅಂತ ಪಾಠ ಹೇಳಕ್ಕೆ ಹೋಗ್ಬ್ಯಾಡ. ಕಾಗ್ದದ ಮೇಲೆ ಯಾರ ಹೆಸ್ರು ಐತೋ ಅವ್ರ ಕೈಗೆ ಕೊಡ್ರಪ್ಪ, ತಿಳೀದೆ ಇದ್ರೆ ಅವ್ರೇ ಯಾರ್ನಾದ್ರೂ ಕೇಳ್ಕೊಂತಾರೆ. ಅಷ್ಟು ಬರಿ ಸಾಕು.”

ಅವಳು ಹೇಳಿದಷ್ಟನ್ನೇ ಬರೆದಿದ್ದೇನೆ.